ಕೂಸಿಗೆ ಹಾಲು ಸಾಲುತ್ತಿದೆಯೇ? ತಾಯಂದಿರ ಪತ್ರಗಳಿಗೆ ಉತ್ತರ

ಹಾಲುಣಿಸುವುದನ್ನು ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಗಾಗಿ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಬರೆದ ತಾಯಂದಿರಲ್ಲಿ ಯಾರಿಗೂ ಸಲಹೆ ಹೇಳುವವರ ಕೊರತೆ ಇರಲಿಲ್ಲ. ಆದರೆ ಮಗು ಹಾಲು ಕುಡಿಯುವಷ್ಟು ಹೊತ್ತು ಪಕ್ಕದಲ್ಲಿ ಕುಳಿತು ನೋಡಿದವರು ಬಹುತೇಕ ಯಾರಿಗೂ ಇರಲಿಲ್ಲ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗುವಿಗೆ ಈಗ ಐದು ವಾರ. ಹಗಲು ಎರಡು ಎರಡೂವರೆ ಗಂಟೆಗೊಮ್ಮೆ ಹಾಲು ಕುಡಿದು ಮಲಗುವ ಕೂಸು, ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎದೆ ಬಿಡುವುದೇ ಇಲ್ಲ. ಬಿಡಿಸಿದರೆ ಕಿರುಚಿ ಅಳುತ್ತದೆ. ಮೊದಲು ಕಲ್ಲಿನಂತೆ ಬಿಗಿಯುತ್ತಿದ್ದ ಎದೆ ಈಗ ಮೆತ್ತಗಾಗಿದೆ. ಪಂಪ್ ಇಟ್ಟು ನೋಡಿದರೆ ಎರಡೂ ಕಡೆ ಸೇರಿ 40 ಮಿಲಿಲೀಟರ್ ದಾಟಲಿಲ್ಲ. ಹಾಲು ಸಾಲುತ್ತಿಲ್ಲ, ರಾತ್ರಿಗೆ ಒಂದು ಬಾಟಲಿ ಪುಡಿ ಹಾಲು ಕೊಡು ಎಂದು ಅತ್ತೆಯವರು ಹೇಳುತ್ತಾರೆ. ನನ್ನ ಹಾಲು ಬತ್ತುತ್ತಿದೆಯೇ?

ಉತ್ತರ: ನೀವು ಬರೆದಿರುವ ಮೂರು ಲಕ್ಷಣಗಳಲ್ಲಿ ಯಾವುದೂ ಹಾಲು ಬತ್ತುತ್ತಿದೆ ಎಂಬುದಕ್ಕೆ ಗುರುತಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಭಯ ಹೊತ್ತು ಇನ್ನೊಂದು ರಾತ್ರಿಯನ್ನೂ ನೀವು ಕಳೆಯಬಾರದು.

ಹೆರಿಗೆಯಾದ ಎರಡರಿಂದ ನಾಲ್ಕು ದಿನಗಳಲ್ಲಿ ಹಾಲು ಇಳಿಯುವಾಗ ಎದೆ ಬಿಗಿಯುವುದಕ್ಕೆ ಹಾಲೊಂದೇ ಕಾರಣವಲ್ಲ. ಆ ಭಾಗಕ್ಕೆ ಹೆಚ್ಚಾಗಿ ಹರಿಯುವ ರಕ್ತ ಮತ್ತು ಅಂಗಾಂಶಗಳಲ್ಲಿ ತುಂಬಿಕೊಳ್ಳುವ ದ್ರವವೂ ಸೇರಿ ಆ ಬಿಗಿತ ಬರುತ್ತದೆ. ಮಗುವಿಗೆ ಎಷ್ಟು ಬೇಕೆಂಬುದು ದೇಹಕ್ಕೆ ಆಗ ಇನ್ನೂ ಗೊತ್ತಿರುವುದಿಲ್ಲ. ಕೆಲವು ವಾರಗಳಲ್ಲಿ ಆ ಲೆಕ್ಕ ಕುದುರಿದ ಮೇಲೆ ಎದೆ ಮೆತ್ತಗಾಗುವುದು ಸಹಜ. ಎದೆ ಬರಿದಾದಷ್ಟೂ ಹಾಲು ಬೇಗ ಬೇಗ ತಯಾರಾಗುತ್ತದೆ, ತುಂಬಿಕೊಂಡೇ ಉಳಿದರೆ ತಯಾರಿಕೆ ನಿಧಾನವಾಗುತ್ತದೆ. ಹೀಗಾಗಿ ಸಂಜೆಯ ಹೊತ್ತು ಮತ್ತೆ ಮತ್ತೆ ಎದೆ ಕೇಳುವ ಕೂಸು ನಿಮ್ಮ ಹಾಲನ್ನು ಮುಗಿಸುತ್ತಿಲ್ಲ, ಹೆಚ್ಚಿಸುತ್ತಿದೆ. ಈ ವಯಸ್ಸಿನ ಬಹಳಷ್ಟು ಕೂಸುಗಳು ಸಂಜೆ ಹೀಗೆಯೇ ಮಾಡುತ್ತವೆ, ಮತ್ತು ಅಳು ಅತಿ ಹೆಚ್ಚಾಗಿರುವುದೂ ಸುಮಾರು ಆರನೆಯ ವಾರದ ಆಸುಪಾಸಿನಲ್ಲಿಯೇ. ಇನ್ನು ಪಂಪಿನ ಮಾತು. ಚೆನ್ನಾಗಿ ಹಾಲು ಕುಡಿಯುವ ಮಗುವಿನ ಬಾಯಿಗೆ ಯಂತ್ರ ಸಮನಲ್ಲ. ಅದರಲ್ಲೂ ಮಗು ಕುಡಿದು ಬಿಟ್ಟ ಮೇಲೆ, ಆತಂಕದಲ್ಲಿ, ಅಳತೆಗೆ ಸರಿಹೊಂದದ ಬಟ್ಟಲು ಹಚ್ಚಿ ತೆಗೆದ 40 ಮಿಲಿಲೀಟರ್ ನಿಮ್ಮ ಎದೆಯಲ್ಲಿ ಎಷ್ಟು ಹಾಲಿದೆ ಎಂಬುದನ್ನು ಹೇಳಲಾರದು.

ಹಾಗಾದರೆ ಯಾವುದನ್ನು ನಂಬಬೇಕು? ಮಗುವಿನ ಬಟ್ಟೆಯನ್ನು ಮತ್ತು ತೂಕದ ತಕ್ಕಡಿಯನ್ನು ನಂಬಿ. ಐದನೆಯ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಬಾರಿ ಚೆನ್ನಾಗಿ ಒದ್ದೆಯಾಗುವ ಬಟ್ಟೆ, ತಿಳಿಯಾದ ಮೂತ್ರ, ಎರಡು ವಾರಗಳ ಹೊತ್ತಿಗೆ ಮರಳಿ ಬಂದ ಹುಟ್ಟುತೂಕ, ಆಮೇಲೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಿಕೆ, ಇವು ಇದ್ದರೆ ಮಗುವಿಗೆ ಹಾಲು ಸಾಲುತ್ತಿದೆ. ಇವುಗಳಲ್ಲಿ ಯಾವುದಾದರೂ ತಪ್ಪಿದ್ದರೆ, ಅಥವಾ ಮಗು ಹಾಲಿಗೂ ಏಳದಷ್ಟು ಮಂಕಾಗಿ ಮಲಗಿಯೇ ಇದ್ದರೆ, ಯಾರ ಸಮಾಧಾನದ ಮಾತನ್ನೂ ಕೇಳದೆ ಅದೇ ದಿನ ವೈದ್ಯರಿಗೆ ತೋರಿಸಿ.

ಅತ್ತೆಯವರ ಬಗ್ಗೆ ಒಂದು ಮಾತು. ಅವರಿಗೆ ಕೇಳಿಸುತ್ತಿರುವುದು ಮೊಮ್ಮಗುವಿನ ಅಳು, ಕಾಣುತ್ತಿರುವುದು ದಣಿದ ಸೊಸೆ. ಆ ಕಾಳಜಿಗೆ ವಾದ ಹೂಡಿ ಉತ್ತರಿಸುವ ಬದಲು, ಮುಂದಿನ ಸಲ ಮಗುವನ್ನು ತೂಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ರಾತ್ರಿಯ ಬಾಟಲಿಯಿಂದ ಆಗುವುದೇನೆಂದರೆ, ಆ ಹೊತ್ತಿನಲ್ಲಿ ಎದೆ ಬರಿದಾಗದೆ ಉಳಿದು, ನಾಳೆ ತಯಾರಾಗುವ ಹಾಲು ಅಷ್ಟು ಕಡಿಮೆಯಾಗುತ್ತದೆ. ಆಗ ಇಲ್ಲದ ಕೊರತೆ ನಿಜವಾಗಿಯೂ ಹುಟ್ಟಿಕೊಳ್ಳುತ್ತದೆ. ಇದನ್ನು ಅವರಿಗೆ ನಿಧಾನವಾಗಿ ವಿವರಿಸಿದರೆ ಅರ್ಥವಾಗದ ವಿಷಯವಲ್ಲ.

ಪ್ರಶ್ನೆ: ಹೆರಿಗೆಯಾಗಿ ಹನ್ನೊಂದು ದಿನ. ಮೊಲೆತೊಟ್ಟು ಎರಡೂ ಒಡೆದಿವೆ. ಮಗು ಎಚ್ಚರವಾಗುವ ಸದ್ದು ಕೇಳಿದರೇ ನನ್ನ ಮೈ ಬಿಗಿಯುತ್ತದೆ. ಎಲ್ಲರೂ ಸಹಿಸಿಕೊಂಡಿದ್ದಾರೆ, ನೀನೂ ಸಹಿಸಿಕೋ ಎನ್ನುತ್ತಾರೆ. ಇನ್ನೆಷ್ಟು ದಿನ?

ಉತ್ತರ: ಇದು ಸಹಿಸಿಕೊಳ್ಳಬೇಕಾದ ನೋವಲ್ಲ. ಮೊದಲ ದಿನಗಳಲ್ಲಿ ಮಗು ಬಾಯಿ ಹಾಕಿದ ಕೆಲವು ಕ್ಷಣ ಚುರುಕ್ಕೆನ್ನುವುದುಂಟು. ಆದರೆ ಕುಡಿಯುವಷ್ಟು ಹೊತ್ತೂ ಉಳಿಯುವ ನೋವು, ಒಡೆದ ತೊಟ್ಟು, ರಕ್ತ, ಇವೆಲ್ಲ ಮಗು ಎದೆಯನ್ನು ಹಿಡಿದಿರುವ ರೀತಿಯಲ್ಲಿ ಏನೋ ತಪ್ಪಿದೆ ಎಂಬುದನ್ನು ಹೇಳುತ್ತವೆ.

ನನ್ನ ಮೊದಲ ಮಗುವಿನ ಮೂರನೆಯ ರಾತ್ರಿ ನಾನೂ ನಿಮ್ಮ ಸ್ಥಿತಿಯಲ್ಲಿಯೇ ಇದ್ದೆ. ಪಾಳಿಯಲ್ಲಿದ್ದ ಹಿರಿಯ ನರ್ಸ್ ಒಬ್ಬರು ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕುಳಿತು, ಮಗು ಬಾಯಿ ಹಾಕಿದಾಗಿನಿಂದ ಬಿಡುವವರೆಗೆ ನೋಡಿದರು. ಆಮೇಲೆ ನನ್ನ ಬೆನ್ನ ಹಿಂದೆ ಒಂದು ದಿಂಬು ಇಟ್ಟು, ಮಗುವಿನ ಮೈಯನ್ನು ಎರಡು ಬೆರಳಿನಷ್ಟು ಇನ್ನೊಂದು ಎದೆಯ ಕಡೆಗೆ ಸರಿಸಿದರು, ಅಷ್ಟೇ. ಮಗು ಮತ್ತೆ ಬಾಯಿ ಹಾಕಿದಾಗ ನಾನು ಹಲ್ಲು ಕಚ್ಚಲಿಲ್ಲ. ಇಂದು ತಾಯಂದಿರ ಪಕ್ಕದಲ್ಲಿ ಕುಳಿತಾಗಲೆಲ್ಲ ನಾನು ಮಾಡುವುದು ಬಹುಮಟ್ಟಿಗೆ ಅದನ್ನೇ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಲಿ, ಕತ್ತು ಹೊರಳಿಸಿ ಕುಡಿಯುವಂತಿರಬಾರದು. ತೊಟ್ಟು ಬಾಯಿಗೆ ಎದುರಾಗಿರದೆ ಮೂಗಿಗೆ ಎದುರಾಗಿರಬೇಕು. ತೊಟ್ಟನ್ನು ಮೇಲ್ತುಟಿಗೆ ಸವರಿ, ಮಗು ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾಯಿರಿ. ಕಾಯುವುದೇ ಇದರಲ್ಲಿ ಕಷ್ಟದ ಭಾಗ, ಅಳುವ ಕೂಸಿನ ಮುಂದೆ ಅರ್ಧ ನಿಮಿಷವೂ ಯುಗದಂತೆ ಅನ್ನಿಸುತ್ತದೆ. ಬಾಯಿ ತೆರೆದೊಡನೆ, ನೀವು ಬಾಗದೆ, ಮಗುವನ್ನೇ ಎದೆಯ ಬಳಿಗೆ ತನ್ನಿ. ಗದ್ದ ಮೊದಲು ತಾಗಲಿ. ಸರಿಯಾಗಿ ಹಿಡಿದಾಗ ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲುಗಡೆ ಹೆಚ್ಚು ಕಾಣುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಗುಳಿ ಬೀಳದೆ ತುಂಬಿಕೊಂಡಿರುತ್ತದೆ. ಮಗು ಬಿಟ್ಟಾಗ ತೊಟ್ಟು ದುಂಡಗೆ ಹೊರಬರಬೇಕು. ಒಂದು ಕಡೆ ಚಪ್ಪಟೆಯಾಗಿ, ಓರೆಯಾಗಿ ಬಂದರೆ ಹಿಡಿತ ಸಾಲದೆಂದು ತಿಳಿಯಿರಿ. ನೋಯುತ್ತಿದ್ದರೆ ಮಗುವಿನ ಬಾಯಿಯ ಅಂಚಿನಲ್ಲಿ ನಿಮ್ಮ ಕಿರುಬೆರಳು ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಚ್ಚಿ.

ಇಷ್ಟೆಲ್ಲ ಮಾಡಿದರೂ ನೋವು ಇಳಿಯದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯೇ, ತೊಟ್ಟಿಗೆ ಸೋಂಕು ತಗುಲಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಬೇಗ ವೈದ್ಯರನ್ನು ಕಾಣಿ. ಆಗಲೂ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಎದೆಯನ್ನು ಜೋರಾಗಿ ತಿಕ್ಕಬಾರದು, ತಣ್ಣನೆಯ ಬಟ್ಟೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳಾಗುವಾಗ ನಾನು ಕೆಲಸಕ್ಕೆ ಮರಳಬೇಕು. ಎದೆಹಾಲನ್ನೇ ಮುಂದುವರಿಸಲು ಸಾಧ್ಯವೇ?

ಉತ್ತರ: ಸಾಧ್ಯ. ಮೊದಲ ಆರು ತಿಂಗಳು ನೀರನ್ನೂ ಸೇರಿಸದೆ ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲುಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ಒಪ್ಪಂದದಲ್ಲಿ ಹಾಲುಣಿಸುವ ಬಿಡುವನ್ನು ಸಂಬಳ ಸಹಿತದ ಕೆಲಸದ ಅವಧಿಯೆಂದೇ ಎಣಿಸಲಾಗಿದೆ. ಆದ್ದರಿಂದ ನೀವು ಕೇಳಲಿರುವುದು ಯಾರ ದಾಕ್ಷಿಣ್ಯವನ್ನೂ ಅಲ್ಲ. ಮರಳುವ ಮೊದಲೇ ಮೇಲಧಿಕಾರಿಗಳ ಬಳಿ ಮಾತನಾಡಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಮತ್ತು ಸುಮಾರು ಮೂರು ಗಂಟೆಗೊಮ್ಮೆ ಬಿಡುವು ಬೇಕೆಂದು ಹೇಳಿ. ಶೌಚಾಲಯದಲ್ಲಿ ಹಾಲು ತೆಗೆಯಲು ಒಪ್ಪಬೇಡಿ. ತೆಗೆದ ಹಾಲನ್ನು 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದು. ಮೈಕ್ರೋವೇವಿನಲ್ಲಿ ಬಿಸಿ ಮಾಡಬಾರದು, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ. ಎರಡು ಮೂರು ವಾರ ಮುಂಚೆಯೇ ದಿನಕ್ಕೊಂದು ಸಲ ಬೇರೆಯವರ ಕೈಯಿಂದ ಈ ಹಾಲು ಕುಡಿಸಿ ಅಭ್ಯಾಸ ಮಾಡಿಸಿ. ನಿಮ್ಮ ವಾಸನೆ ಹತ್ತಿರದಲ್ಲಿದ್ದರೆ ಅನೇಕ ಕೂಸುಗಳು ಬಾಟಲಿಯನ್ನು ಮುಟ್ಟುವುದಿಲ್ಲ.

ಪ್ರಶ್ನೆ: ಇದನ್ನು ಯಾರಿಗೂ ಹೇಳಿಲ್ಲ. ಮಗು ಕುಡಿಯಲು ಶುರುಮಾಡಿದ ಅರೆಕ್ಷಣದಲ್ಲಿ, ಹಾಲು ಇಳಿಯುವ ಮುನ್ನ, ಹೊಟ್ಟೆಯಲ್ಲಿ ಸಂಕಟವೆದ್ದು ಎಲ್ಲವೂ ವ್ಯರ್ಥವೆನ್ನಿಸುತ್ತದೆ. ಒಂದೆರಡು ನಿಮಿಷದಲ್ಲಿ ತಾನಾಗಿ ಹೋಗುತ್ತದೆ. ನನಗೆ ಮಗುವಿನ ಮೇಲೆ ಪ್ರೀತಿಯಿಲ್ಲವೇ?

ಉತ್ತರ: ನಿಮ್ಮ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. ಹಾಲು ಇಳಿಯುವ ಹೊತ್ತಿಗೆ ಸರಿಯಾಗಿ ಬಂದು, ಕೆಲವೇ ನಿಮಿಷಗಳಲ್ಲಿ ಕರಗುವ ಇಂಥ ಸಂಕಟವನ್ನು ವೈದ್ಯರು ಗುರುತಿಸಿದ್ದಾರೆ. ಹಾಲು ಇಳಿಯುವಾಗ ದೇಹದೊಳಗೆ ಆಗುವ ರಾಸಾಯನಿಕ ಬದಲಾವಣೆ ಇದರ ಹಿಂದಿದೆ ಎಂದು ಭಾವಿಸಲಾಗಿದೆ. ಇದು ಮನಸ್ಸಿನ ದೌರ್ಬಲ್ಯವಲ್ಲವೆಂದು ತಿಳಿದದ್ದರಿಂದಲೇ ಹಗುರಾದ ತಾಯಂದಿರನ್ನು ನಾನು ಕಂಡಿದ್ದೇನೆ. ಆದರೆ ದುಃಖ ದಿನವಿಡೀ ಉಳಿದರೆ, ಎರಡು ವಾರ ದಾಟಿದರೆ, ನಿಮಗೋ ಮಗುವಿಗೋ ಹಾನಿ ಮಾಡುವ ಯೋಚನೆ ಸುಳಿದರೆ, ಅದು ಬೇರೆಯೇ ಕಾಯಿಲೆ ಮತ್ತು ಅದಕ್ಕೆ ಚಿಕಿತ್ಸೆ ಇದೆ. ಅಂಥ ಯೋಚನೆ ಬಂದ ಗಳಿಗೆಯಲ್ಲೇ ಹತ್ತಿರದವರಿಗೆ ಹೇಳಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಮೂರು ತಿಂಗಳು ಪ್ರಯತ್ನಿಸಿದೆ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತು. ಮಗುವಿನ ತೂಕ ಏರಲೇ ಇಲ್ಲ, ಕೊನೆಗೆ ವೈದ್ಯರು ಪುಡಿ ಹಾಲು ಸೇರಿಸಿದರು. ಈಗ ಮಗು ಚೆನ್ನಾಗಿದೆ, ಆದರೆ ಬಾಟಲಿ ಹಿಡಿದು ನಾಲ್ಕು ಜನರ ನಡುವೆ ಕೂರಲು ನಾಚಿಕೆಯಾಗುತ್ತದೆ. ನಾನು ಸೋತೆನೇ?

ಉತ್ತರ: ಇಲ್ಲ. ಎದೆಹಾಲಿನ ಪರವಾಗಿ ಇಷ್ಟು ವರ್ಷ ಮಾತನಾಡಿದವಳಾಗಿ, ನಮ್ಮ ಮಾತಿನ ಭಾರ ನಿಮ್ಮಂಥವರ ಮೇಲೆ ಬಿದ್ದಿರುವುದು ನನಗೆ ನೋವು ತರುತ್ತದೆ. ಪ್ರಯತ್ನಪಟ್ಟರೆ ಎಲ್ಲರಿಗೂ ಹಾಲು ಬಂದೇ ಬರುತ್ತದೆ ಎಂಬ ಮಾತು ನಿಜವಲ್ಲ. ಹೆರಿಗೆಯಲ್ಲಿನ ತೀವ್ರ ರಕ್ತಸ್ರಾವ, ಗರ್ಭದಲ್ಲಿ ಉಳಿದ ಮಾಸಿನ ಚೂರು, ಥೈರಾಯ್ಡ್ ತೊಂದರೆ, ಸ್ತನದ ಶಸ್ತ್ರಚಿಕಿತ್ಸೆ, ಹುಟ್ಟಿನಿಂದಲೇ ಹಾಲುಗ್ರಂಥಿಗಳು ಸಾಲದಿರುವುದು, ಇವುಗಳಿಂದ ಹಾಲು ನಿಜವಾಗಿಯೂ ಕಡಿಮೆಯಾಗಬಹುದು. ಅಂಥ ತಾಯಂದಿರ ಸಂಖ್ಯೆ ಕಡಿಮೆ ಇರಬಹುದು; ಆದರೆ ಅವರಲ್ಲೊಬ್ಬರಾದವರಿಗೆ ಆ ಮಾತಿನಿಂದ ಯಾವ ಸಮಾಧಾನವೂ ಸಿಗುವುದಿಲ್ಲ. ತೂಕ ಏರದ ಮಗುವಿಗೆ ಸಮಯಕ್ಕೆ ಹಾಲು ಸೇರಿಸಿದ್ದು ಸರಿಯಾದ ಚಿಕಿತ್ಸೆ.

ಇನ್ನೂ ಸ್ವಲ್ಪ ಹಾಲಿದ್ದರೆ, ಮನಸ್ಸಿದ್ದರೆ, ಮೊದಲು ಎದೆಗೆ ಹಚ್ಚಿ ಆಮೇಲೆ ಬಾಟಲಿ ಕೊಡಬಹುದು. ಎಷ್ಟೇ ಕಡಿಮೆಯಾದರೂ ಎದೆಹಾಲು ಎದೆಹಾಲೇ. ಮನಸ್ಸಿಲ್ಲದಿದ್ದರೆ ನಿಲ್ಲಿಸಲು ಯಾರ ಅನುಮತಿಯೂ ಬೇಡ. ಪುಡಿ ಹಾಲನ್ನು ಡಬ್ಬಿಯ ಮೇಲೆ ಬರೆದ ಅಳತೆಯಂತೆಯೇ ಕಲಸಿ, ಉಳಿತಾಯಕ್ಕೆಂದು ನೀರು ಹೆಚ್ಚಿಸಬೇಡಿ. ಮಗುವನ್ನು ಎದೆಗೊತ್ತಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಮಗು ಮುಖ ತಿರುಗಿಸಿದಾಗ ಬಾಟಲಿ ತೆಗೆದು ಕುಡಿಸಿ. ಹಾಲುಣಿಸುವ ತಾಯಂದಿರ ಕೂಟಕ್ಕೆ ಬಾಟಲಿ ಹಿಡಿದು ಬಂದವರನ್ನು ದೂರ ಕೂರಿಸುವ ಕೂಟವಾಗಿದ್ದರೆ, ಬದಲಾಗಬೇಕಾದದ್ದು ಆ ಕೂಟ.

ಪ್ರಶ್ನೆ: ನಾನೊಬ್ಬ ತಂದೆ. ಹೆಂಡತಿ ರಾತ್ರಿಯೆಲ್ಲ ಹಾಲುಣಿಸುತ್ತ ಕೂರುತ್ತಾಳೆ, ನಾನು ಏನೂ ಮಾಡಲಾಗದವನಂತೆ ಮಲಗಿರುತ್ತೇನೆ. ನಾನು ಮಾಡಬಹುದಾದದ್ದು ಏನಾದರೂ ಇದೆಯೇ? ಅವಳಿಗೆ ನೆರವು ಎಲ್ಲಿ ಸಿಗುತ್ತದೆ?

ಉತ್ತರ: ಕುಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲವೂ ನಿಮ್ಮದಾಗಬಹುದು. ಮಗು ಎದ್ದಾಗ ಎತ್ತಿ ಅವರ ಕೈಗೆ ಕೊಡಿ, ಕುಡಿದಾದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗಿಸಿ, ಬಟ್ಟೆ ಬದಲಿಸಿ, ಮಲಗಿಸಿ. ದಿನದಲ್ಲಿ ಒಂದು ಸಲ ಅವರು ಎರಡು ಗಂಟೆ ಎಚ್ಚರವಿಲ್ಲದೆ ಮಲಗುವಂತೆ ಮಗುವನ್ನು ಹೊರಗೆ ಎತ್ತಿಕೊಂಡು ಹೋಗಿ. ಬಂದವರು ಹಾಲು ಸಾಲುತ್ತಿಲ್ಲವೇನೋ ಎಂದಾಗ ಉತ್ತರ ಹೇಳುವವರು ನೀವಾಗಿರಿ. ಆ ಮಾತು ಬಾಣಂತಿಯವರೆಗೆ ತಲುಪದಿದ್ದರೆ ಅದೇ ದೊಡ್ಡ ನೆರವು.

ನೆರವಿನ ವಿಷಯಕ್ಕೆ ಬಂದರೆ, 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಏಳು ಮಂದಿ ತಾಯಂದಿರು, ಹಾಲುಣಿಸುವ ತಾಯಂದಿರಿಗೆ ನೆರವಾಗಲು ಲಾ ಲೆಚೆ ಲೀಗ್ ಎಂಬ ಸಂಘ ಕಟ್ಟಿದಾಗ ಅವರ ಬಳಿ ಇದ್ದದ್ದು ತಾವು ಹಾಲುಣಿಸಿದ ಅನುಭವ. ಒಂದು ವನಭೋಜನದಲ್ಲಿ ಹಾಲುಣಿಸುತ್ತ ಕುಳಿತಿದ್ದ ಇಬ್ಬರ ಬಳಿಗೆ ಬೇರೆ ಹೆಂಗಸರು ಬಂದು ತಮಗೆ ಹೀಗೆ ಸಾಧ್ಯವಾಗಲಿಲ್ಲವೆಂದು ಹೇಳಿಕೊಂಡದ್ದೇ ಅದರ ಮೊದಲು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಆಸ್ಪತ್ರೆಗಳಿಗೆಂದು ಹೇಳಿದ ಹತ್ತು ಹೆಜ್ಜೆಗಳಲ್ಲಿ ಕೊನೆಯದು, ಮನೆಗೆ ಹೋಗುವ ತಾಯಿಯನ್ನು ಇಂಥ ಬೆಂಬಲ ಗುಂಪಿನ ಕೈಗೆ ಒಪ್ಪಿಸಬೇಕೆಂಬುದು. ಆದ್ದರಿಂದ ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಮೊದಲು ಕೇಳಿ: ಹಾಲುಣಿಸುವ ತರಬೇತಿ ಪಡೆದ ಸಲಹೆಗಾರ್ತಿ ಇದ್ದಾರೆಯೇ, ತಾಯಂದಿರ ಗುಂಪು ಇದೆಯೇ ಎಂದು. ಅಲ್ಲಿಗೆ ಹೋಗುವಾಗ ಮಗು ಹಸಿದಿರುವ ಹೊತ್ತಿಗೆ ಸರಿಯಾಗಿ ತಲುಪುವಂತೆ ಹೋಗಿ. ಪೂರ್ತಿ ಒಂದು ಸಲ ಕುಡಿಸುವುದನ್ನು ನೋಡದೆ ಸಲಹೆ ಕೊಡುವವರಿಗೆ, ನೋಡಿ ಹೇಳಿ ಎಂದು ನೀವೇ ಕೇಳಿಕೊಳ್ಳಿ. ಆ ಹೊತ್ತಿನಲ್ಲಿ ಹೆಂಡತಿಗೆ ಕೇಳಲು ಸಂಕೋಚವಾಗಬಹುದು.