ಕೆಲಸ ಹೋಯಿತು, ಮಕ್ಕಳ ಜೀವನಾಂಶ ನಿಲ್ಲಿಸಬಹುದೇ?

ಪ್ರಶ್ನೆ: ತುಮಕೂರಿನವನು, ವಯಸ್ಸು 44, ವಿಚ್ಛೇದಿತ. 2021ರಲ್ಲಿ ಫ್ಯಾಮಿಲಿ ಕೋರ್ಟು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂನಡಿ ಮಗನಿಗೂ ಮಗಳಿಗೂ ತಿಂಗಳಿಗೆ ತಲಾ 6,000 ರೂಪಾಯಿ ಕೊಡಲು ಆದೇಶಿಸಿತು. ಆಗ ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್, 34,000 ಸಂಬಳ. ಆ ಕೆಲಸ ಹೋಗಿ ಈಗ ಗೋದಾಮಿನಲ್ಲಿ 14,000ಕ್ಕೆ ದುಡಿಯುತ್ತಿದ್ದೇನೆ. ಐದು ತಿಂಗಳಿಂದ ಕಟ್ಟಿಲ್ಲ. ಮಾಜಿ ಹೆಂಡತಿಗೆ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಮಕ್ಕಳನ್ನು ನೋಡಲೂ ಬಿಡುತ್ತಿಲ್ಲ. ಮಗನಿಗೆ ನವೆಂಬರ್‌ನಲ್ಲಿ 18 ತುಂಬುತ್ತದೆ, ಮಗಳಿಗೆ 15. ‘ದುಡಿಮೆ ಇಲ್ಲದವನಿಗೆ ಕೋರ್ಟು ಏನೂ ಮಾಡಲ್ಲ, ಸುಮ್ಮನಿರು’ ಅನ್ನುತ್ತಾರೆ ನಮ್ಮ ಭಾವ. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಸುಮ್ಮನಿರಬೇಡಿ. ಭಾವನವರ ಮಾತು ಪ್ರೀತಿಯಿಂದಲೇ ಬಂದಿರಬಹುದು, ಆದರೆ ಅದನ್ನು ನಂಬಿ ಕೂತರೆ ನಿಮ್ಮ ತಲೆಯ ಮೇಲಿನ ಭಾರ ತಿಂಗಳಿಗೆ 12,000ದಂತೆ ಬೆಳೆಯುತ್ತದೆ. ಈಗಾಗಲೇ 60,000 ಆಗಿದೆ.

ಕೆಲಸ ಹೋದ ಮಾತ್ರಕ್ಕೆ ವಿನಾಯಿತಿ ತಾನಾಗಿ ಬರುವುದಿಲ್ಲ. ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲೂ ಹೇಳಿದೆ. ಹಾಗೆಂದು 34,000 ಸಂಬಳಕ್ಕೆ ನಿಗದಿಯಾದ ಮೊತ್ತವನ್ನು 14,000ದಲ್ಲಿ ಕೊಟ್ಟೇ ತೀರಬೇಕೆಂದೂ ಇಲ್ಲ. ಪರಿಸ್ಥಿತಿ ಬದಲಾದರೆ ಮೊತ್ತ ಇಳಿಸುವಂತೆ ಕೇಳಲು ಹಳೆಯ ಸಂಹಿತೆಯಲ್ಲಿ 127ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಇದೆ. ಆದೇಶ ಕೊಟ್ಟ ಕೋರ್ಟಿನಲ್ಲೇ ಈ ಅರ್ಜಿ ಹಾಕಿ. ಈ ವಾರವೇ ಹಾಕಿ, ಏಕೆಂದರೆ ಕಡಿತ ಸಿಕ್ಕರೂ ಅದು ಸಾಮಾನ್ಯವಾಗಿ ಅರ್ಜಿಯ ದಿನದಿಂದ ಈಚೆಗೆ ಮಾತ್ರ. ಹಿಂದಿನ ಬಾಕಿ ಹಾಗೇ ಉಳಿಯುತ್ತದೆ.

ಅರ್ಜಿಯ ಜೊತೆ ಆಸ್ತಿ, ಆದಾಯ, ಸಾಲದ ಪೂರ್ತಿ ವಿವರದ ಅಫಿಡವಿಟ್ ಬೇಕು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ಇದನ್ನು ಕೊಡಬೇಕು. ಕೆಲಸದಿಂದ ತೆಗೆದ ಪತ್ರ, ಹಳೆಯ ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಗೋದಾಮಿನವರ ಸಂಬಳ ಪತ್ರ, ಮನೆ ಬಾಡಿಗೆ ಕರಾರು ಜೋಡಿಸಿ. ಪಿಎಫ್ ಪಾಸ್‌ಬುಕ್ ಮರೆಯಬೇಡಿ. ಕೊನೆಯ ವಂತಿಗೆ ಯಾವ ತಿಂಗಳಿನದು ಎಂಬ ಆ ಒಂದು ಸಾಲು ಕೆಲಸ ಯಾವಾಗ ಹೋಯಿತೆಂದು ವಾದಕ್ಕಿಂತ ಚೆನ್ನಾಗಿ ಹೇಳುತ್ತದೆ. ಗ್ರಾಚ್ಯುಟಿ ಅಥವಾ ಪಿಎಫ್ ಹಣ ಕೈಗೆ ಬಂದಿದ್ದರೆ ಅದನ್ನೂ ಬರೆಯಿರಿ. ಇಂಥ ಕೇಸುಗಳು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ: ಮುಚ್ಚಿಟ್ಟ ಒಂದು ಖಾತೆ ಹೊರಬಂದರೆ ನಿಜವಾದ ಕಷ್ಟವನ್ನೂ ಯಾರೂ ನಂಬುವುದಿಲ್ಲ.

ಅರ್ಜಿ ಇತ್ಯರ್ಥವಾಗುವವರೆಗೆ ಪೂರ್ತಿ ನಿಲ್ಲಿಸಬೇಡಿ. 4,000 ಆದರೆ 4,000, ತಪ್ಪದೆ ಬ್ಯಾಂಕ್ ಮೂಲಕ ಹಾಕಿ, ‘ಜೂನ್ ತಿಂಗಳ ಜೀವನಾಂಶ’ ಎಂದು ಟಿಪ್ಪಣಿ ಬರೆಯಿರಿ. ಕೈಯಲ್ಲಿ ಕೊಟ್ಟ ನೋಟಿಗೆ ಸಾಕ್ಷಿಯಿಲ್ಲ. ಹಬ್ಬಕ್ಕೆ ಕೊಡಿಸಿದ ಬಟ್ಟೆ, ಸೈಕಲ್ಲು ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಬಾಕಿಗೆ ಕಂತು ಕೇಳಿ. ಬಾಕಿಯಾದ ಒಂದು ವರ್ಷದೊಳಗೆ ಮಾಜಿ ಪತ್ನಿ ವಸೂಲಿ ಅರ್ಜಿ ಹಾಕಿದರೆ ವಾರಂಟ್ ಬರಬಹುದು, ಆಗಲೂ ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲೂ ಆಗಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂಬುದೂ ಸುಳ್ಳು. ಜೈಲು ಹಣ ಕಟ್ಟಿಸುವ ದಾರಿ ಮಾತ್ರ, ಬಾಕಿ ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಸ್ಪಷ್ಟಪಡಿಸಿದೆ.

ಮಾಜಿ ಪತ್ನಿಯ ಸಂಬಳ ನಿಮ್ಮ ಪಾಲನ್ನು ಇಳಿಸಬಹುದು, ಅಳಿಸಲಾರದು. ಆಕೆ ನಾಳೆ ಮರುಮದುವೆಯಾದರೆ, ಆಕೆಗೆಂದು ಜೀವನಾಂಶ ಇದ್ದರೆ ಅದು ನಿಲ್ಲುತ್ತದೆ, ಮಕ್ಕಳದ್ದು ನಿಲ್ಲುವುದಿಲ್ಲ. ‘ಮಕ್ಕಳಿಗೆ ಏನೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಅದು ಮಕ್ಕಳನ್ನು ಕಟ್ಟಿಹಾಕುವುದಿಲ್ಲ. ಹಕ್ಕು ಅವರದು.

ಇನ್ನು ಮಗ. 125ನೇ ಕಲಂನಡಿಯ ನಿಮ್ಮ ಆದೇಶದಲ್ಲಿ ಅವನ ಪಾಲು 18 ತುಂಬಿದ ದಿನಕ್ಕೆ ಮುಗಿಯುತ್ತದೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗುವಿಗೆ ಮಾತ್ರ ಅದು ಮುಂದುವರಿಯುತ್ತದೆ. ಆದರೂ ನವೆಂಬರ್‌ನಲ್ಲಿ ನೀವೇ 6,000 ಮುರಿದುಕೊಳ್ಳಬೇಡಿ. ಜನ್ಮದಿನಾಂಕ ಇರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಇಟ್ಟು ಅದೇ ಅರ್ಜಿಯಲ್ಲಿ ಕೇಳಿ. ಮಗಳ ವಿಷಯ ಬೇರೆ. ನೀವು ಹಿಂದೂಗಳಾದರೆ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ, ಸ್ವಂತ ಆದಾಯವಿಲ್ಲದ ಅವಿವಾಹಿತ ಮಗಳು 18ರ ನಂತರವೂ ತಂದೆಯಿಂದ ಕೇಳಬಹುದು. ಅದಕ್ಕೆ ಆ ಕಾಯ್ದೆಯಡಿ ಬೇರೆ ಅರ್ಜಿ ಬೇಕೆಂದು 2020ರಲ್ಲಿ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೂರು ವರ್ಷಕ್ಕೆ ಎಲ್ಲ ಮುಗಿಯಿತು ಎಂದು ಲೆಕ್ಕ ಹಾಕಬೇಡಿ.

ನಿಮ್ಮ ಪತ್ರದಲ್ಲಿ ಹೆಚ್ಚು ನೋವಿರುವುದು ಮಕ್ಕಳನ್ನು ನೋಡಲು ಬಿಡುತ್ತಿಲ್ಲ ಎಂಬ ಸಾಲಿನಲ್ಲಿ. ಆದರೆ ಭೇಟಿಯೂ ಹಣವೂ ಕಾನೂನಿನಲ್ಲಿ ಎರಡು ಬೇರೆ ಗಾಡಿಗಳು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಎಳೆಯಲಾಗದು. ಭೇಟಿಗೆ ಅದೇ ಕೋರ್ಟಿನಲ್ಲಿ ಪ್ರತ್ಯೇಕ ಅರ್ಜಿ ಹಾಕಿ, ಇಂಥ ಭಾನುವಾರ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ಎಂದು ನಿಖರವಾಗಿ ಕೇಳಿ. ಐದು ತಿಂಗಳ ಬಾಕಿ ಹೊತ್ತು ಹೋಗಿ ಕೇಳುವುದಕ್ಕೂ, ಅಲ್ಪಸ್ವಲ್ಪವಾದರೂ ಕಟ್ಟಿದ ರಸೀದಿ ಹಿಡಿದು ಕೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ.

ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಕಡಿಮೆಯಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ ವಿಚಾರಿಸಿ, ಹೋಗುವಾಗ 2021ರ ಆದೇಶದ ಪ್ರತಿ ಜೊತೆಗಿರಲಿ.