ಬಿಸಿಯಾದರೆ ನಿಲ್ಲುವ ಗಾಡಿ, ಚೋಕ್ ಬಿಟ್ಟರೆ ಆಫ್ ಆಗುವ ಗಾಡಿ

ಪ್ರಶ್ನೆ: ನನ್ನದು 1994ರ ಯಮಹಾ ಆರ್‌ಎಕ್ಸ್ 100 ಬೈಕ್. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಗುಂಡ್ಯದಿಂದ ಘಾಟಿ ಹತ್ತಿ ಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ನಿಂತುಬಿಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಮೂರು ಸಲ ಕಾರ್ಬೊರೇಟರ್ ಕ್ಲೀನ್ ಮಾಡಿಸಿದೆ, ಪ್ಲಗ್, ಬ್ಯಾಟರಿ ಎರಡೂ ಹೊಸದು ಹಾಕಿಸಿದೆ. ಏನೂ ಪ್ರಯೋಜನ ಆಗಿಲ್ಲ.
– ಸಕಲೇಶಪುರದ ಓದುಗರು

ಉತ್ತರ: ಕಾರ್ಬೊರೇಟರ್ ಮೂರು ಸಲ ಬಿಚ್ಚಿಸಿದ್ದೀರಿ. ಆದರೆ ಗಾಡಿ ನಿಂತ ಜಾಗದಲ್ಲಿ, ನಿಂತ ಗಳಿಗೆಯಲ್ಲಿ ಪ್ಲಗ್‌ಗೆ ಕರೆಂಟ್ ಬರುತ್ತಿದೆಯಾ ಅಂತ ಒಮ್ಮೆಯೂ ನೋಡಿದ ಹಾಗಿಲ್ಲ. ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ. ಅವರು ಕಿಕ್ ಹೊಡೆದರೆ ಸ್ಟಾರ್ಟ್! ಪಾಪ, ಅವರಾದರೂ ಏನು ಹುಡುಕಬೇಕು? ಇನ್ನು ಬ್ಯಾಟರಿಗೆ ಕೊಟ್ಟ ದುಡ್ಡು ದಂಡ. ಈ ಗಾಡಿಯ ಪ್ಲಗ್‌ಗೆ ಕರೆಂಟ್ ಬರುವುದು ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದ, ಬ್ಯಾಟರಿ ಬಿಚ್ಚಿಟ್ಟರೂ ಎಂಜಿನ್ ಓಡುತ್ತದೆ.

ಮೊದಲು ಅದು ಹೇಗೆ ನಿಲ್ಲುತ್ತದೆ ಅಂತ ಗಮನಿಸಿ. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಮುಲುಗುತ್ತಾ ನಿಲ್ಲುತ್ತದೆ. ಪಿಕಪ್ ಇಳಿಯುತ್ತದೆ, ಜಗ್ಗುತ್ತದೆ, ಚೋಕ್ ಎಳೆದರೆ ಒಂದೆರಡು ಫರ್ಲಾಂಗ್ ಚೇತರಿಸಿಕೊಂಡ ಹಾಗೆ ಮಾಡುತ್ತದೆ. ಕರೆಂಟ್ ಹೋದರೆ ಹಾಗಲ್ಲ. ಯಾರೋ ಕೀ ತಿರುಗಿಸಿದ ಹಾಗೆ ಟಪ್ಪನೆ ಆಫ್.

ಮುಂದಿನ ಸಲ ಹೋಗುವಾಗ ಜೇಬಿನಲ್ಲಿ ಒಂದು ಒಳ್ಳೆಯ ಪ್ಲಗ್ ಇಟ್ಟುಕೊಳ್ಳಿ. ಗಾಡಿ ನಿಂತ ಕೂಡಲೇ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡು 'ಸುಸ್' ಅಂದರೆ, ಆಮೇಲೆ ಗಾಡಿ ಸ್ಟಾರ್ಟ್ ಆದರೆ, ಕಳ್ಳ ಸಿಕ್ಕ. ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ. ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುತ್ತಿಲ್ಲ. ಇಪ್ಪತ್ತು ನಿಮಿಷದಲ್ಲಿ ಸಂದುಗೊಂದಿನಿಂದ ಗಾಳಿ ನುಗ್ಗುವುದರಿಂದ ಇದೂ ಥೇಟ್ ಬಿಸಿಯ ತೊಂದರೆ ಥರಾನೇ ಕಾಣುತ್ತದೆ. ಸೋಪಿನ ನೀರಲ್ಲಿ ತೊಳೆದು, ಊದಿ, ಒಣಗಿಸಿದರೆ ಸಾಕು.

ಅದಲ್ಲವಾದರೆ ಮುಚ್ಚಳ ಹಾಕಿ, ಪ್ಲಗ್ ಕ್ಯಾಪ್ ಕಿತ್ತು ಜೇಬಿನ ಪ್ಲಗ್ಗಿಗೆ ಸಿಕ್ಕಿಸಿ. ಎಂಜಿನ್‌ನಲ್ಲಿರುವ ಹಳೇ ಪ್ಲಗ್ ಬಿಚ್ಚಬೇಡಿ. ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ. ಹೊಸ ಪ್ಲಗ್ಗಿನ ಲೋಹದ ಮೈ ಸಿಲಿಂಡರ್ ಹೆಡ್ಡಿಗೆ ಗಟ್ಟಿಯಾಗಿ ತಾಗಿರಲಿ, ಗಾಳಿಯಲ್ಲಿ ನೇತಾಡಿಸಿ ಕಿಕ್ ಹೊಡೆದರೆ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬಿ ಸಿಡಿಐಗೇ ಏಟು ಬೀಳಬಹುದು. ನೀಲಿ ಬಣ್ಣದಲ್ಲಿ ಚಟ್ ಚಟ್ ಅಂತ ಹಾರಿದರೆ ಕರೆಂಟ್ ಚೆನ್ನಾಗಿದೆ, ಪೆಟ್ರೋಲ್ ಕಡೆ ನೋಡಿ. ಕಿಡಿ ಕೆಂಪಗೆ ಸಪ್ಪೆಯಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಕಾರ್ಬೊರೇಟರ್ ಇನ್ನು ಮುಟ್ಟಬೇಡಿ.

ನೀವು ಬರೆದದ್ದನ್ನು ನೋಡಿದರೆ ನನ್ನ ಅನುಮಾನ ಮ್ಯಾಗ್ನೆಟ್ ಒಳಗಿನ ಕಾಯಿಲ್ ಮೇಲೆ. ಕೂದಲೆಳೆಯಂಥ ತಾಮ್ರದ ತಂತಿ, ಮೂವತ್ತು ವರ್ಷದ ಬಿಸಿ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರುತ್ತದೆ. ಕಾದಾಗ ಹಿಗ್ಗಿ ತುದಿಗಳು ದೂರವಾಗುತ್ತವೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಮಲ್ಟಿಮೀಟರ್‌ನಲ್ಲಿ ಬೆಳಿಗ್ಗೆ ತಣ್ಣಗಿದ್ದಾಗ ಕಾಯಿಲ್‌ನ ಓಮ್ಸ್ ಅಳೆದು ಬರೆದಿಟ್ಟುಕೊಳ್ಳಿ. ಗಾಡಿ ನಿಂತಾಗ ಬಿಸಿಯಲ್ಲೇ ಮತ್ತೆ ಅಳೆಯಿರಿ. ಬಿಸಿಗೆ ಸ್ವಲ್ಪ ಏರುವುದು ಸಹಜ. ಲೆಕ್ಕ ಎಲ್ಲಿಂದೆಲ್ಲಿಗೋ ಹಾರಿದರೆ, ಇಲ್ಲವೇ ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕೆಟ್ಟಿದೆ. ಕಿಡಿ ಯಾವಾಗ ಹಾರಬೇಕು ಅಂತ ಸಿಡಿಐಗೆ ಸನ್ನೆ ಕೊಡುವ ಪಲ್ಸರ್ ಕಾಯಿಲ್, ಪ್ಲಗ್ ವೈರ್ ಹೊರಡುವ ಹೈ ಟೆನ್ಷನ್ ಕಾಯಿಲ್‌ಗೂ ಇದೇ ಪರೀಕ್ಷೆ. ಮೂರೂ ಸರಿ ಇದ್ದರೆ ಮಾತ್ರ ಪರಿಚಯದವರ ಹತ್ತಿರ ಸಿಡಿಐ ಕೇಳಿ ತಂದು ಹಾಕಿ ನೋಡಿ.

ಕಾಯಿಲ್ ಬದಲಿಸುವಾಗ ಮ್ಯಾಗ್ನೆಟ್ ತೆಗೆಯಲು ಪುಲ್ಲರ್ (ಅದನ್ನು ಎಳೆದು ಬಿಡಿಸುವ ಸಾಧನ) ಬೇಕೇ ಬೇಕು. ಮೆಕ್ಯಾನಿಕ್ ಸುತ್ತಿಗೆ ಕೈಗೆತ್ತಿಕೊಂಡರೆ ಅಲ್ಲೇ ತಡೆಯಿರಿ. ನನ್ನ ಮೊದಲ ಗಾಡಿಯ ಕ್ರ್ಯಾಂಕ್ ಅಲುಗಾಡಿದ್ದು ಹಾಗೇ. ನೂರು ರೂಪಾಯಿಯ ಕೆಲಸ ಪೂರ್ತಿ ಎಂಜಿನ್ ಕೆಲಸಕ್ಕೆ ತಿರುಗಿತ್ತು.

ಪ್ರಶ್ನೆ: ಊರಲ್ಲಿ 2012ರ ಸ್ಪ್ಲೆಂಡರ್ ನಾಲ್ಕು ತಿಂಗಳು ನಿಂತಿತ್ತು. ಈಗ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ಬಿಟ್ಟರೆ ಆಫ್. ಕಾರ್ಬೊರೇಟರ್‌ನ ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಸರಿಹೋಗಿಲ್ಲ.
– ತೀರ್ಥಹಳ್ಳಿಯ ಓದುಗರು

ಉತ್ತರ: ಸ್ಲೋ ಜೆಟ್, ಅಂದರೆ ಕಾರ್ಬೊರೇಟರ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪುಟ್ಟ ನಳಿಕೆ, ಕಟ್ಟಿಕೊಂಡಿದೆ ಅನ್ನಿಸುತ್ತದೆ. ಅದರ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು. ಕಾರ್ಬೊರೇಟರ್ ಕೆಳಗಿನ ಬೌಲ್‌ನಲ್ಲಿ ನಿಂತ ಪೆಟ್ರೋಲ್ ಆರಿ ಅಂಟು ಉಳಿದರೆ ಮುಗಿಯಿತು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೇರೆ ಇದೆ, ಅದು ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲ ಕೇಳಬೇಕೇ? ಚೋಕ್ ಹಾಕಿದಾಗ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಕೊರತೆ ಮುಚ್ಚಿಹೋಗುತ್ತದೆ, ಅಷ್ಟೇ.

ಜೆಟ್ ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೆದು, ಬೆಳಕಿಗೆ ಹಿಡಿದು ನೋಡಿ. ಆಚೆ ಬದಿ ದುಂಡಗೆ ಕಾಣಬೇಕು. ಪಿನ್ನು, ಸೂಜಿ ತೂರಿಸಬೇಡಿ, ತೂತು ದೊಡ್ಡದಾದರೆ ಮೈಲೇಜ್‌ಗೆ ಎಳ್ಳುನೀರು. ಸ್ಕ್ರೂ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದು ಏರ್ ಫಿಲ್ಟರ್ ಕಡೆ ಇದ್ದರೆ ಬಿಗಿ ಮಾಡಿದಷ್ಟೂ ಪೆಟ್ರೋಲ್ ಜಾಸ್ತಿ. ಎಂಜಿನ್ ಕಡೆ ಇದ್ದರೆ ಬಿಗಿ ಮಾಡಿದಷ್ಟೂ ಕಡಿಮೆ. ನಿಮ್ಮದು ಯಾವುದು ಅಂತ ನೋಡಿಕೊಂಡೇ ಕೈ ಹಾಕಿ. ಇನ್ನು ಮುಂದೆ ಗಾಡಿ ಬಿಟ್ಟು ಹೋಗುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಖಾಲಿ ಮಾಡಿ ಹೋಗಿ.

ಪ್ರಶ್ನೆ: ಗಾಡಿ ನಿಲ್ಲಿಸಿದರೆ ಕಾರ್ಬೊರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಓಡಿಸಬಹುದಾ?
– ಗದಗಿನ ಓದುಗರು

ಉತ್ತರ: ಮೊದಲು ಕಾಕ್ ಮುಚ್ಚಿ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯ ಜಾಗದಲ್ಲಿ ಕಸ ಕೂತಿದೆ, ಇಲ್ಲವೇ ಸೂಜಿಯ ತುದಿ ಸವೆದಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿಗೆ ಮೆಲ್ಲಗೆ ಎರಡು ಸಲ ತಟ್ಟಿದರೆ ಕಸವಾದರೆ ಸರಿಯಬಹುದು. ಇಲ್ಲದಿದ್ದರೆ ಸೂಜಿ ಬದಲಿಸಿ. ನಿಮ್ಮದು ಫೋರ್ ಸ್ಟ್ರೋಕ್ ಗಾಡಿ ಆಗಿದ್ದರೆ ಕಿಕ್ ಹೊಡೆಯುವ ಮುಂಚೆ ಎಂಜಿನ್ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ, ಸೋರಿದ್ದು ಒಳಕ್ಕೂ ಇಳಿದಿದೆ ಎಂದರ್ಥ. ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ.