ಓದುಗರ ಪ್ರಶ್ನೆ: ಸೈಪ್ರಸ್ ಕಾಡು ನೋಡೋಕೆ ಹೊರಟವರಿಗೆ

ಹೋದ ತಿಂಗಳು ಮೆಡಿಟರೇನಿಯನ್ ದ್ವೀಪಗಳ ಕಾಡಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಪ್ರಶ್ನೆಗಳು ರಾಶಿ ಬಂದಿವೆ, ಮುಕ್ಕಾಲು ಭಾಗ ಸೈಪ್ರಸ್ ಬಗ್ಗೆನೇ. ಅಂದಾಜಿಗೆ ಹೇಳೋದಾದ್ರೆ ಇಡೀ ದ್ವೀಪ 9,251 ಚದರ ಕಿಲೋಮೀಟರ್, ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಒಂಚೂರು ಚಿಕ್ಕದು.

ಮಗ ಲಿಮಸೋಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಜುಲೈನಲ್ಲಿ ನಾವಿಬ್ರೂ ಹೋಗೋಣ ಅಂತಿದ್ದೀವಿ. ಬೀಚ್ ಬೇಡ, ಕಾಡು ನೋಡ್ಬೇಕು. ಮಂಡಿ ನೋವಿದೆ. — ನಿವೃತ್ತ ಶಿಕ್ಷಕರು, ಹಾಸನ

ಮೇಷ್ಟ್ರೆ, ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದ್ರೆ ಏಪ್ರಿಲ್‌ಗೆ ಮಾಡಿ. ಅಲ್ಲಿನ ಲೆಕ್ಕ ನಮ್ಮದಕ್ಕೆ ಉಲ್ಟಾ, ಮಳೆ ಬರೋದು ಚಳಿಗಾಲದಲ್ಲಿ, ಮೇ ಕಳೆದ ಮೇಲೆ ಎಲ್ಲಾ ಒಣಗಿ ನಿಂತಿರುತ್ತೆ, ಜುಲೈ ಅಂದ್ರೆ ಅವರಿಗೆ ಕಾಡ್ಗಿಚ್ಚಿನ ಕಾಲ. ಜುಲೈನಲ್ಲೇ ಹೋಗೋದಾದ್ರೂ ಪರವಾಗಿಲ್ಲ, ಟ್ರೂಡೋಸ್ ಬೆಟ್ಟದ ಮೇಲೆ ಕೆಳಗಿನಷ್ಟು ಸೆಕೆ ಇರಲ್ಲ, ಲಿಮಸೋಲ್‌ನಿಂದ ಕಾರಲ್ಲಿ ಒಂದು ಗಂಟೆ ದಾರಿ ಅಷ್ಟೇ, ಗಾಡಿ ಓಡಿಸೋದೂ ನಮ್ಮ ಹಾಗೇ ಎಡಗಡೆ. ತುದಿಯ ಒಲಿಂಪಸ್ ಶಿಖರ 1,952 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ, ಆದ್ರೆ ಜನವರಿ-ಫೆಬ್ರವರಿಯಲ್ಲಿ ಹಿಮ ಬಿದ್ದು ಜನ ಸ್ಕೀಯಿಂಗ್ ಮಾಡ್ತಾರೆ.

ಮಂಡಿ ನೋವಿರೋರಿಗೆ ಆರ್ಟೆಮಿಸ್ ಅನ್ನೋ ಕಾಲುದಾರಿ ಸರಿ. ಶಿಖರವನ್ನ ಸುತ್ತು ಹಾಕೋ 7 ಕಿಲೋಮೀಟರ್ ದಾರಿ, ಏರಿಳಿತ ಕಮ್ಮಿ, ಪೂರ್ತಿ ನಡೀಲೇಬೇಕು ಅಂತೇನಿಲ್ಲ, ಅರ್ಧ ಗಂಟೆ ಹೋಗಿ ಹಳೇ ಕಪ್ಪು ಪೈನ್ ಮರಗಳ ಕೆಳಗೆ ಕೂತು ವಾಪಸ್ ಬನ್ನಿ. ಕ್ಯಾಲೆಡೋನಿಯಾ ಜಲಪಾತದ ದಾರಿಯನ್ನ ಎಲ್ಲರೂ ಹೊಗಳ್ತಾರೆ, ಚೆನ್ನಾಗೇ ಇದೆ, ಆದ್ರೆ ಹಳ್ಳದ ಪಕ್ಕ ಕಲ್ಲು ಹತ್ತಿ ಇಳಿದು ಮಾಡ್ಬೇಕು, ನಿಮಗೆ ಬೇಡ. ದಾರೀಲಿ ಗೋಲ್ಡನ್ ಓಕ್ ಸಿಗುತ್ತೆ, ಎಲೆ ತಿರುಗಿಸಿ ನೋಡಿ, ಅಡಿಭಾಗ ಚಿನ್ನದ ಬಣ್ಣ, ಈ ದ್ವೀಪ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯಲ್ಲ. ಇನ್ನೊಂದು ದಿನ ಇಟ್ಕೊಂಡು ಪಶ್ಚಿಮಕ್ಕೆ, ಪಾಫೋಸ್ ಕಾಡಿನ ಸೀಡರ್ ಕಣಿವೆಗೆ ಹೋಗಿ. ಅಲ್ಲಿರೋ ಮರ ನಮ್ಮ ಹಿಮಾಲಯದ ದೇವದಾರುವಿನ ದಾಯಾದಿ, ಸೂಜಿ ಎಲೆ ಮಾತ್ರ ತುಂಬಾ ಗಿಡ್ಡ, ಇದೂ ಅಲ್ಲಿ ಬಿಟ್ರೆ ಕಾಡಲ್ಲಿ ಎಲ್ಲೂ ಇಲ್ಲ. ರಸ್ತೆ ತಿರುವೋ ತಿರುವು, ತಿಂಡಿ ತಿಂದ ತಕ್ಷಣ ಹೊರಡಬೇಡಿ.

ಮರೆತಿದ್ದೆ, ಚಳಿಗಾಲ ಅಥವಾ ವಸಂತದಲ್ಲಿ ಹೋದ್ರೆ ಪೈನ್ ಕೊಂಬೆ ತುದೀಲಿ ಬಿಳೀ ರೇಷ್ಮೆ ಗೂಡು ಕಾಣುತ್ತೆ, ಮುಟ್ಟಬೇಡಿ. ಒಳಗಿರೋ ಕಂಬಳಿಹುಳದ ಕೂದಲು ತಾಗಿದ್ರೆ ತುರಿಕೆ ಜೋರು.

ಆಡುಗಳಿಂದಲೇ ಸೈಪ್ರಸ್ ಕಾಡು ಹಾಳಾಯ್ತು ಅಂತ ಎಲ್ಲೋ ಓದಿದೆ. ಇದು ಬಡ ಆಡು ಕಾಯೋರ ಮೇಲೆ ತಪ್ಪು ಹೊರಿಸೋ ಕಥೆ ಅಲ್ವಾ? — ಶಿರಸಿಯ ಓದುಗರು

ಅರ್ಧ ಹೌದು. ಆಡಿನ ಲೆಕ್ಕ ತೆಗೆಯೋ ಮೊದಲು ತಾಮ್ರದ ಲೆಕ್ಕ ತೆಗೀಬೇಕಲ್ಲ. ಸಾವಿರಾರು ವರ್ಷ ಆ ದ್ವೀಪದಲ್ಲಿ ಅದಿರು ಕರಗಿಸಿದ್ದಾರೆ, ಅದಕ್ಕೆ ಇದ್ದಿಲು, ಇದ್ದಿಲಿಗೆ ಮರ, ಮೇಲಿಂದ ಹಡಗು ಕಟ್ಟೋಕೂ ಅದೇ ಪೈನ್. ಹಾಗಾಗಿ 1878ರಲ್ಲಿ ಬ್ರಿಟಿಷರು ಬಂದು ಆಡಿನ ಮೇಲೆ ಬೆರಳು ತೋರಿಸಿದಾಗ ಹಳೇ ಸಾಲವೆಲ್ಲ ಒಬ್ಬನ ಖಾತೆಗೇ ಬರೆದ ಹಾಗಾಯ್ತು. ಮರು ವರ್ಷವೇ ಅರಣ್ಯ ಕಾನೂನು ಬಂತು, ಮತ್ತೆ ನಿಮಗೆ ಆಸಕ್ತಿ ಹುಟ್ಟಿಸೋ ವಿಷಯ ಅಂದ್ರೆ ಅದೇ 1879ರಲ್ಲಿ ಅಲ್ಲಿನ ಕಾಡಿನ ಬಗ್ಗೆ ವರದಿ ಬರೆದ ಎ.ಇ. ವೈಲ್ಡ್ ಅನ್ನೋ ಅಧಿಕಾರಿ ಭಾರತದ ಅರಣ್ಯ ಇಲಾಖೆಯವನು. ಅಡಿಕೆ ತೋಟಕ್ಕೆ ಸೊಪ್ಪು ಕಡಿಯೋ ಹಕ್ಕಿರೋ ಸೊಪ್ಪಿನ ಬೆಟ್ಟದ ಊರಿನವರಾದ ನಿಮಗೆ, ಜನ ಕಾಡು ಬಳಸೋದನ್ನ ಆ ಇಲಾಖೆ ಹೇಗೆ ನೋಡುತ್ತೆ ಅಂತ ಬಿಡಿಸಿ ಹೇಳೋದು ಬೇಡ.

ಇನ್ನರ್ಧ ಮಾತ್ರ ಇಲಾಖೆ ಹೇಳಿದ್ದೇ ಸರಿ. ಬೆಂಕಿ ಬಿದ್ದ ಜಾಗದಲ್ಲಿ ಸಸಿ ಏಳೋ ಹೊತ್ತಿಗೆ ಆಡು ನುಗ್ಗಿದ್ರೆ ಅಲ್ಲಿಗೆ ಮುಗೀತು, ಮೇಯೋ ಹುಲ್ಲು ಚಿಗುರಲಿ ಅಂತ ಬೆಂಕಿ ಹಾಕೋ ಅಭ್ಯಾಸವೂ ಇತ್ತು. 1913ರಲ್ಲಿ ಒಂದು ಕಾನೂನು ಬಂದು, ಆಡು ಬೇಕಾ ಬೇಡ್ವಾ ಅಂತ ಆಯಾ ಊರಿನವರೇ ವೋಟ್ ಹಾಕಿ ತೀರ್ಮಾನ ಮಾಡೋ ಹಾಗಾಯ್ತು. ನನಗೆ ಇದು ಜಾಣತನ ಅನ್ಸುತ್ತೆ, ಆದ್ರೆ ಜಮೀನು ಇದ್ದೋರಿಗೆ ಆಡು ಬೇಡ ಅನ್ನೋದು ಸುಲಭ, ಆಡನ್ನೇ ನಂಬ್ಕೊಂಡೋರಿಗೆ ಅಲ್ಲ, ಅದನ್ನೂ ಸೇರಿಸಿ ಹೇಳ್ಬೇಕು. ಈಗಿನ ತಮಾಷೆ ನೋಡಿ, ಬೆಟ್ಟದ ಊರುಗಳಲ್ಲಿ ಜನ ಖಾಲಿಯಾಗಿ ಪಟ್ಟಣ ಸೇರಿದ್ದಾರೆ, ಪಾಳುಬಿದ್ದ ದ್ರಾಕ್ಷಿ ತೋಟದಲ್ಲಿ ಪೊದೆ ಬೆಳೆದು ಬೆಂಕಿಗೆ ಸೌದೆ ಆಗ್ತಿದೆ, ಹಾಗಾಗಿ ಮೆಡಿಟರೇನಿಯನ್ ಕಡೆ ಹಲವು ದೇಶಗಳಲ್ಲಿ ಈಗ ಬೆಂಕಿ ತಡೆಯೋಕೆ ಅದೇ ಆಡುಗಳನ್ನ ಕರ್ಕೊಂಡು ಬಂದು ಮೇಯಿಸ್ತಿದ್ದಾರೆ.

ನಾವು ನಿಕೋಸಿಯಾದಲ್ಲಿ ಓದ್ತಿರೋ ಹುಡುಗ್ರು. ವೀಕೆಂಡ್ ಕಾಡಲ್ಲಿ ಬಾರ್ಬೆಕ್ಯೂ ಮಾಡ್ಬಹುದಾ?

ಮಾಡ್ಬಹುದು, ಸಿಕ್ಕ ಸಿಕ್ಕಲ್ಲಿ ಅಲ್ಲ. ಅರಣ್ಯ ಇಲಾಖೆಯವರು ಪಿಕ್ನಿಕ್ ಜಾಗ ಅಂತಲೇ ಮಾಡಿದ್ದಾರೆ, ಮೇಜು, ನೀರು, ಕಟ್ಟಿದ ಒಲೆ ಎಲ್ಲಾ ಇದೆ, ಭಾನುವಾರ ಊರಿಗೆ ಊರೇ ಅಲ್ಲಿ ಕೂತು ಸೂವ್ಲಾ, ಅಂದ್ರೆ ಕಂಬಿಗೆ ಚುಚ್ಚಿದ ಮಾಂಸ, ಸುಡ್ತಿರುತ್ತೆ. ಈ ಪದ್ಧತಿ ನನಗೆ ಇಷ್ಟ. ಜನ ಹೇಗಿದ್ರೂ ಬರ್ತಾರೆ, ಬೇಲಿ ಹಾಕಿ ಓಡಿಸೋ ಬದಲು ಕೂರೋಕೊಂದು ಜಾಗ ಕೊಟ್ರೆ ಬೆಂಕಿ ಎಲ್ಲಿರುತ್ತೆ ಅಂತಾದ್ರೂ ಗೊತ್ತಿರುತ್ತೆ. ಆದ್ರೆ ಬಿಸಿ ಜಾಸ್ತಿ ಇರೋ ದಿನ ರೆಡ್ ಅಲರ್ಟ್ ಹೊರಡಿಸ್ತಾರೆ, ಹೊರಡೋ ಮುಂಚೆ ನೋಡ್ಕೊಳ್ಳಿ, ಅವತ್ತು ಒಲೆ ಹಚ್ಚೋ ಯೋಚನೆನೇ ಬೇಡ. ಅನುಮತಿ ಇಲ್ದೆ ಕಾಡಲ್ಲೋ ಅದರ ಹತ್ತಿರವೋ ಬೆಂಕಿ ಹಚ್ಚಿದ್ರೆ ಭಾರೀ ದಂಡ, ಜೈಲು ಎರಡೂ ಆಗ್ಬಹುದು, ಸ್ಟೂಡೆಂಟ್ ವೀಸಾದಲ್ಲಿರೋರು ಇದನ್ನ ಎರಡು ಸಲ ಓದ್ಕೊಳ್ಳಿ.

ಭಯ ಪಡಿಸೋಕೆ ಹೇಳ್ತಿಲ್ಲ. 2021ರ ಜುಲೈನಲ್ಲಿ ಅರಕಪಾಸ್ ಅನ್ನೋ ಹಳ್ಳಿ ಹತ್ತಿರ ಹತ್ತಿದ ಬೆಂಕಿ ಸುಮಾರು 55 ಚದರ ಕಿಲೋಮೀಟರ್ ಸುಟ್ಟಿತು, ಈಜಿಪ್ಟ್‌ನಿಂದ ಕೆಲಸಕ್ಕೆ ಬಂದಿದ್ದ ನಾಲ್ವರು ತಪ್ಪಿಸ್ಕೊಳ್ಳೋಕಾಗದೆ ಸತ್ತರು. 2025ರ ಜುಲೈನಲ್ಲಿ ಲಿಮಸೋಲ್ ಮೇಲಿನ ಬೆಟ್ಟದ ಊರುಗಳಲ್ಲಿ 100 ಚದರ ಕಿಲೋಮೀಟರ್‌ಗೂ ಹೆಚ್ಚು ಸುಟ್ಟು ಇಬ್ಬರು ಸತ್ತರು. ಹೊಗೆ ಕಂಡ್ರೆ 1407ಕ್ಕೋ 112ಕ್ಕೋ ಫೋನ್ ಮಾಡಿ, ವೀಡಿಯೊ ಆಮೇಲೆ.

ಸುಟ್ಟ ಪೈನ್ ವಾಪಸ್ ಬರುತ್ತಾ ಅಂತಾನೂ ಕೇಳಿದ್ದೀರಿ. ಬರುತ್ತೆ. ಅಲ್ಲಿ ಹೆಚ್ಚಾಗಿರೋ ಬ್ರೂಟಿಯಾ ಪೈನ್‌ನ ಕೆಲವು ಕಾಯಿ ವರ್ಷಗಟ್ಟಲೆ ಮುಚ್ಕೊಂಡೇ ಇದ್ದು ಬೆಂಕಿಯ ಶಾಖಕ್ಕೆ ಬಾಯಿ ಬಿಡ್ತವೆ, ಬೂದಿ ಮೇಲೆ ಬೀಜ ಬೀಳುತ್ತೆ. ತೊಂದ್ರೆ ಆಗೋದು ಎಳೇ ಮರ ಕಾಯಿ ಬಿಡೋ ಮೊದಲೇ ಎರಡನೇ ಸಲ ಬೆಂಕಿ ಬಂದ್ರೆ. ಟರ್ಕಿ ಸೇನೆ ನುಗ್ಗಿದ 1974ರ ಯುದ್ಧದಲ್ಲಿ ಪಾಫೋಸ್ ಕಾಡಿನ ದೊಡ್ಡ ಭಾಗ ಸುಟ್ಟುಹೋದಾಗ ಮಾತ್ರ ಪ್ರಕೃತಿಗೆ ಬಿಡದೆ ಇಳಿಜಾರನ್ನ ಮೆಟ್ಟಿಲು ಮಾಡಿ ಗಿಡ ನೆಟ್ಟರು.

ಗಣಿ ಮುಚ್ಚಿದ ಮೇಲೆ ಕಾಡು ಬೆಳೆಸೋದು ಪೇಪರ್ ಮೇಲಿನ ಮಾತಲ್ವಾ? — ಸಂಡೂರಿನ ಓದುಗರು

ಟ್ರೂಡೋಸ್‌ನಲ್ಲೇ ಅಮಿಯಾಂಟೋಸ್ ಅಂತ ಕಲ್ನಾರಿನ (ಆಸ್ಬೆಸ್ಟಾಸ್) ಗಣಿ ಇತ್ತು, 1988ರಲ್ಲಿ ಮುಚ್ಚಿತು. 1995ರಿಂದ ಅರಣ್ಯ ಇಲಾಖೆ ಅಲ್ಲಿ ಕೆಲಸ ಮಾಡ್ತಿದೆ, ತ್ಯಾಜ್ಯದ ಗುಡ್ಡ ಜಾರದ ಹಾಗೆ ಹಂತ ಹಂತವಾಗಿ ಕಡಿದು, ಬೇರೆ ಕಡೆಯಿಂದ ಮಣ್ಣು ತಂದು ಹಾಸಿ, ಪೈನ್ ಮತ್ತೆ ಸ್ಥಳೀಯ ಪೊದೆ ಗಿಡ ಬೆಳೆಸ್ತಾ ಬಂದಿದ್ದಾರೆ. ಗಣಿ ಜಾಗದಲ್ಲೇ ಒಂದು ಸಸ್ಯೋದ್ಯಾನವೂ ಇದೆ. ದೂರದಿಂದ ನೋಡಿದ್ರೆ ಗಾಯ ಇನ್ನೂ ಕಾಣುತ್ತೆ, ಮೂವತ್ತು ವರ್ಷ ಆದ್ರೂ. ಅಂದ್ರೆ ಆಗುತ್ತೆ, ಆದ್ರೆ ಐದು ವರ್ಷದ ಟೆಂಡರಲ್ಲಿ ಆಗಲ್ಲ.

ಸೈಪ್ರಸ್‌ನಲ್ಲೂ ನೀಲಗಿರಿ ಮರ ಇದೆಯಂತೆ? — ಕೋಲಾರ

ಇದೆ. ಮಲೇರಿಯಾ ಕಮ್ಮಿಯಾಗಲಿ, ಜೌಗು ಒಣಗಲಿ ಅಂತಲೇ ಬ್ರಿಟಿಷರು ನೆಟ್ಟಿದ್ದು. ನೀರು ಕುಡಿಯುತ್ತೆ ಅಂತ ನೀವು ಬೈತೀರಲ್ಲ, ಅವರಿಗೆ ಬೇಕಾಗಿದ್ದೇ ಅದು.

ನನ್ನ ಹತ್ರ ಇರೋ ಸೈಪ್ರಸ್‌ನ 2 ಸೆಂಟ್ ಯೂರೋ ನಾಣ್ಯದಲ್ಲಿ ಕೊಂಬಿನ ಕುರಿ ಥರ ಏನೋ ಇದೆ, ಏನದು? — ಮೈಸೂರು

ಮೂಫ್ಲಾನ್, ಕಾಡುಕುರಿ. 1 ಮತ್ತು 5 ಸೆಂಟ್ ಮೇಲೂ ಅದೇ ಇದೆ. 1930ರ ದಶಕದಲ್ಲಿ ಬೇಟೆಗೆ ಸಿಕ್ಕಿ ಬೆರಳೆಣಿಕೆಯಷ್ಟು ಉಳಿದಿದ್ವು, ಆಮೇಲೆ ಪಾಫೋಸ್ ಕಾಡಲ್ಲಿ ಬೇಟೆ ನಿಲ್ಲಿಸಿದ ಮೇಲೆ ಈಗ ಮೂರು ಸಾವಿರದ ಆಸುಪಾಸು ಆಗಿವೆ. ಮನುಷ್ಯರನ್ನ ಕಂಡ್ರೆ ಓಡ್ತವೆ, ಹಾಗಾಗಿ ಹಾಸನದ ಮೇಷ್ಟ್ರು ಕಾಡಲ್ಲಿ ಕಾಯೋ ಬದಲು ಸ್ಟಾವ್ರೋಸ್ ಟಿಸ್ ಪ್ಸೋಕಾಸ್ ಅರಣ್ಯ ಠಾಣೆಗೆ ಹೋಗೋದು ವಾಸಿ, ಅಲ್ಲಿ ಬೇಲಿ ಒಳಗೆ ಕೆಲವನ್ನ ಸಾಕಿದ್ದಾರೆ.